ಮಾವ ಓಡಿಸಬೇಕೋ, ಅಳಿಯ ಓಡಿಸಬೇಕೋ

ಪ್ರಶ್ನೆ: ನಮಸ್ಕಾರ ಸರ್. ನಾನು ಗಂಗಾವತಿಯವನು, ವಯಸ್ಸು 44. ಅಕ್ಕಿ ಗಿರಣಿ ಇದೆ. ನಾನು, ನನ್ನ ಅಕ್ಕನ ಮಗ (ಅವನಿಗೆ 22) ಸೇರಿ ಒಂದು ಹಳೇ ಜಿಪ್ಸಿ ಇಟ್ಟುಕೊಂಡು ಮಣ್ಣಿನ ಟ್ರ್ಯಾಕ್ ಸ್ಪರ್ಧೆಗಳಿಗೆ ಹೋಗುತ್ತೇವೆ. ಹೋದ ಸಲ ಅವನು ಸುತ್ತಿಗೆ ಒಂದೂವರೆ ಸೆಕೆಂಡ್ ನನಗಿಂತ ಮುಂದಿದ್ದ. ಈಗ "ಮಾವ, ನೀವಿನ್ನ ಟೈಮ್ ಬರ್ಕೊಳ್ರಿ, ಗಾಡಿ ನಾ ಓಡಿಸ್ತೀನಿ" ಅಂತಾನೆ. ನಾನು ನಲವತ್ತು ದಾಟಿದ ಫಾರ್ಮುಲಾ ಒನ್ ಚಾಲಕ ಫರ್ನಾಂಡೊ ಅಲೋನ್ಸೊ ಹೆಸರು ತೆಗೆದರೆ ನಮ್ಮ ಗಿರಣಿಯಲ್ಲಿ ಲೆಕ್ಕ ಬರೆಯುವವರು "ಅವನ ಜೊತೆಗಾರ ಮಾಲೀಕನ ಮಗ ರೀ, ಅವನ್ನ ಸೋಲಿಸೋದೇನು ದೊಡ್ಡ ಮಾತು" ಅಂತ ನಗುತ್ತಾರೆ. ನಲವತ್ತು ದಾಟಿದ ಚಾಲಕ ತನ್ನದೇ ತಂಡದ ಹುಡುಗನನ್ನು ನಿಜವಾಗಿ ಸೋಲಿಸಬಲ್ಲನೇ? ಅಥವಾ ಇದೆಲ್ಲ ಹೆಸರಿನ ಮಹಿಮೆಯೇ?

ಉತ್ತರ: ಚಿಕ್ಕ ಉತ್ತರ ಮೊದಲು ಕೊಟ್ಟುಬಿಡುತ್ತೇನೆ. ಸೋಲಿಸಬಲ್ಲ, ಸೋಲಿಸಿದ್ದಾರೆ. ಆದರೆ ಹೆಚ್ಚಿನ ಸಲ ಅದು, ರೇಸಿನಲ್ಲಿ ಯಾರು ಎಷ್ಟನೇ ಜಾಗದಿಂದ ಹೊರಡಬೇಕು ಅಂತ ತೀರ್ಮಾನಿಸುವ ಶನಿವಾರದ ಕ್ವಾಲಿಫೈಯಿಂಗ್‌ನಲ್ಲಿ ಸೋತು ಭಾನುವಾರದ ರೇಸಿನಲ್ಲಿ ಗೆಲ್ಲುವ ಥರದ ಗೆಲುವು. ಗೊತ್ತಿರುವ ಟ್ರ್ಯಾಕಿನಲ್ಲಿ ಒಂದೇ ಸುತ್ತು ಯಾರು ಜೋರಾಗಿ ಹೊಡೀತಾರೆ ಅಂತ ಕೇಳಿದರೆ ನಾನು ಕಣ್ಣು ಮುಚ್ಚಿ ಹುಡುಗ ಅನ್ನುತ್ತೇನೆ. ನಿಮ್ಮ ಜಿಪ್ಸಿ ವಿಷಯವನ್ನು ಕೊನೆಗಿಟ್ಟುಕೊಳ್ಳೋಣ. ಅದನ್ನು ತೀರ್ಮಾನಿಸಲು ಬೇಕಾದ ಒಂದು ಲೆಕ್ಕ ನಿಮ್ಮ ಹತ್ತಿರವೇ ಇರುತ್ತದೆ, ನೀವು ಬರೆದಿಲ್ಲ.

ನಿಮ್ಮ ಲೆಕ್ಕದವರನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಕಾರ್ ರೇಸಿನಲ್ಲಿ ಯಾರು ಒಳ್ಳೆಯ ಚಾಲಕ ಅಂತ ಅಳೆಯಲು ಇರುವುದು ಒಂದೇ ಮಾಪು, ಅದೇ ತಂಡದ ಅದೇ ಕಾರಿನಲ್ಲಿ ಕೂತ ಇನ್ನೊಬ್ಬ. ಬೇರೆ ತಂಡದವನ ಜೊತೆ ಹೋಲಿಸಿದರೆ ಎಂಜಿನ್ನು, ಟೈರು, ದುಡ್ಡು ಎಲ್ಲ ನಡುವೆ ಬರುತ್ತವೆ. ನಮ್ಮ ಕಡೆ ಹೊಸ ಹೋರಿಯ ಕಸುವು ನೋಡಬೇಕಾದರೆ ಹಳೇ ಎತ್ತಿನ ಜೊತೆ ಒಂದೇ ನೊಗಕ್ಕೆ ಕಟ್ಟುತ್ತಾರಲ್ಲ, ಹಾಗೆ. ಆದರೆ ಆ ಮಾಪಿಗೂ ಒಂದು ಮಾಪು ಬೇಕು. ಜೊತೆಗಾರನೇ ಸೋಮಾರಿ ಎತ್ತಾದರೆ ಹೋರಿ ಎಷ್ಟು ಎಳೆದರೂ ಏನೂ ಗೊತ್ತಾಗುವುದಿಲ್ಲ.

ಹಾಗಾಗಿ ಅಲೋನ್ಸೊ ಅವರ ಜೊತೆಗಾರ ಲ್ಯಾನ್ಸ್ ಸ್ಟ್ರೋಲ್ ಅವರನ್ನೇ ಮೊದಲು ತೂಗೋಣ. ತಂದೆ ಲಾರೆನ್ಸ್ ಸ್ಟ್ರೋಲ್ ಆಸ್ಟನ್ ಮಾರ್ಟಿನ್ ತಂಡದ ಮಾಲೀಕರು ಅನ್ನುವುದು ಎಲ್ಲರಿಗೂ ಗೊತ್ತು. ಅಲೋನ್ಸೊ ಬರುವ ಮೊದಲು ಅದೇ ಜಾಗದಲ್ಲಿ ಕೂತಿದ್ದವರು ನಾಲ್ಕು ಬಾರಿಯ ಚಾಂಪಿಯನ್ ಸೆಬಾಸ್ಟಿಯನ್ ವೆಟಲ್. 2021ರಲ್ಲಿ ವೆಟಲ್ 43 ಅಂಕ, ಸ್ಟ್ರೋಲ್ 34. 2022ರಲ್ಲಿ 37ಕ್ಕೆ 18. ಅಂದರೆ ಸ್ಟ್ರೋಲ್ ಒಬ್ಬ ಚಾಂಪಿಯನ್ ಜೊತೆ ಎರಡು ವರ್ಷ ಓಡಿ ಸೋತರೂ ತೀರಾ ನಾಪತ್ತೆಯಾದವರಲ್ಲ. 2023ರಲ್ಲಿ ಅಲೋನ್ಸೊ ಬಂದರು. ಆ ವರ್ಷ ಜುಲೈಗೆ ಅವರಿಗೆ 42 ತುಂಬಿತು. ವರ್ಷದ ಕೊನೆಗೆ ಅಲೋನ್ಸೊ 206, ಸ್ಟ್ರೋಲ್ 74. ಆ ವರ್ಷದ ಶುರುವಿನಲ್ಲಿ ಸ್ಟ್ರೋಲ್ ಸೈಕಲ್‌ನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು ಅನ್ನುವ ರಿಯಾಯಿತಿ ಕೊಡಿ. ಆಗಲೂ ವೆಟಲ್ ತೆಗೆಯಲಾಗದ ಅಂತರವನ್ನು ವೆಟಲ್‌ಗಿಂತ ಆರು ವರ್ಷ ದೊಡ್ಡವರು ತೆಗೆದರು ಅನ್ನುವುದು ಉಳಿಯುತ್ತದೆ. ಮರುವರ್ಷ 70ಕ್ಕೆ 24. ಇದನ್ನು ನಿಮ್ಮ ಲೆಕ್ಕದವರಿಗೆ ತೋರಿಸಿ, ಖಾತೆ ಬರೆಯುವವರಿಗೆ ಅಂಕಿ ಬೇಗ ಹಿಡಿಸುತ್ತದೆ.

ಹಾಗಂತ ಅಲೋನ್ಸೊ ಎಲ್ಲರನ್ನೂ ಹೀಗೇ ಬಡಿದಿಲ್ಲ. ಆಲ್ಪೀನ್ ತಂಡದಲ್ಲಿ ಎಸ್ಟೆಬಾನ್ ಒಕಾನ್ ಎದುರು 2021ರಲ್ಲಿ 81ಕ್ಕೆ 74, ಚೂರೇ ಮೇಲೆ. 2022ರಲ್ಲಿ ಒಕಾನ್ 92, ಇವರು 81. ಆ ವರ್ಷ ಅಲೋನ್ಸೊ ಕಾರು ಮೇಲಿಂದ ಮೇಲೆ ಕೆಟ್ಟಿತ್ತು, ನಿಜ. ಆದರೆ ಗ್ಯಾರೇಜಿನಲ್ಲಿ ಬೆಳೆದವನಾಗಿ ಹೇಳುತ್ತೇನೆ, ಸೋತವರ ಗಾಡಿ ಯಾವಾಗಲೂ ಕೆಟ್ಟಿರುತ್ತದೆ!

ಇಲ್ಲಿಂದ ಮುಂದಿನದು ನನಗೆ ಪ್ರೀತಿಯ ಭಾಗ. 1984, ಮೆಕ್‌ಲಾರೆನ್ ತಂಡ. ಒಂದು ಕಡೆ ನಿಕಿ ಲೌಡಾ, 35 ವರ್ಷ. 1976ರಲ್ಲಿ ಬೆಂಕಿಯಲ್ಲಿ ಬೆಂದು ಬದುಕಿದವರು, 1979ರಲ್ಲಿ ಸಾಕು ಅಂತ ಬಿಟ್ಟು 1982ರಲ್ಲಿ ಮರಳಿದವರು. ಇನ್ನೊಂದು ಕಡೆ ಅಲೈನ್ ಪ್ರೊಸ್ಟ್, 29. ಬಹುತೇಕ ಪ್ರತಿ ಶನಿವಾರವೂ ಪ್ರೊಸ್ಟ್ ಮುಂದೆ. ಗೆದ್ದ ರೇಸುಗಳಲ್ಲೂ ಪ್ರೊಸ್ಟ್ 7, ಲೌಡಾ 5. ಲೌಡಾಗೆ ಒಂದೇ ಸುತ್ತಿನ ವೇಗದಲ್ಲಿ ಈ ಹುಡುಗನನ್ನು ಹಿಡಿಯಲಾಗದು ಅಂತ ಅರ್ಥವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅವರು ಆ ಹಟವನ್ನೇ ಬಿಟ್ಟರು. ಶನಿವಾರ ಕಾರನ್ನು ಕ್ವಾಲಿಫೈಯಿಂಗಿಗಾಗಿ ಅಲ್ಲ, ಮರುದಿನ ತುಂಬಿದ ಟ್ಯಾಂಕಿನಲ್ಲಿ ಹೇಗೆ ಓಡಬೇಕೋ ಹಾಗೆ ಸಜ್ಜು ಮಾಡಿಕೊಂಡರು. ಕೊನೆಯ ರೇಸು ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ. ಲೌಡಾ ಹೊರಟಿದ್ದು 11ನೇ ಸ್ಥಾನದಿಂದ. ಪ್ರೊಸ್ಟ್ ರೇಸು ಗೆದ್ದರು, ಲೌಡಾ ಎರಡನೆಯವರಾಗಿ ಬಂದು ಚಾಂಪಿಯನ್ ಆದರು: 72ಕ್ಕೆ 71.5. ಅರ್ಧ ಅಂಕ ಎಲ್ಲಿಂದ ಬಂತು ಅಂದರೆ, ಮೊನಾಕೊದಲ್ಲಿ ಮಳೆಗೆ ರೇಸನ್ನು ಮಧ್ಯಕ್ಕೇ ನಿಲ್ಲಿಸಿ ಗೆದ್ದ ಪ್ರೊಸ್ಟ್‌ಗೆ ಅರ್ಧವೇ ಅಂಕ ಕೊಟ್ಟಿದ್ದರು. ಮರುವರ್ಷ ಪ್ರೊಸ್ಟ್ ಲೌಡಾರನ್ನು ಬಹಳ ಹಿಂದೆ ಹಾಕಿದರು ಅನ್ನುವುದನ್ನೂ ಸೇರಿಸಿ ಹೇಳಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಆ 1985ರಲ್ಲಿ ಲೌಡಾ ಗೆದ್ದಿದ್ದು ಒಂದೇ ರೇಸು, ಡಚ್ ಗ್ರಾಂ ಪ್ರಿ. ಅದೂ ಪ್ರೊಸ್ಟ್ ಬಾಲಕ್ಕೆ ಅಂಟಿಕೊಂಡು ಬರುತ್ತಿರುವಾಗ ಕೊನೆಯವರೆಗೂ ಜಾಗ ಬಿಡದೆ.

ನಿಮ್ಮ ವಯಸ್ಸಿನದೇ ಉದಾಹರಣೆ ಬೇಕಾದರೆ 1955 ನೋಡಿ. ಮರ್ಸಿಡಿಸ್ ತಂಡದಲ್ಲಿ ಫಾಂಜಿಯೊ, 44. ಅವರ ಜೊತೆಗಾರ ಸ್ಟರ್ಲಿಂಗ್ ಮಾಸ್, 25. ಮಾಸ್ ಅಂದರೆ ಆ ಕಾಲಕ್ಕೆ ಹುಡುಗರಲ್ಲೇ ಮೊದಲನೆಯವರು, ಯಾರೂ ಅವರನ್ನು ಸೋಮಾರಿ ಎತ್ತು ಅನ್ನಲಾರರು. ಚಾಂಪಿಯನ್ ಆದವರು ಫಾಂಜಿಯೊ, ಮಾಸ್ ಎರಡನೆಯವರು. ಮಾಸ್ ಗೆದ್ದ ಬ್ರಿಟಿಷ್ ಗ್ರಾಂ ಪ್ರಿಯಲ್ಲಿ ಕೂಡ ಇಬ್ಬರ ನಡುವೆ ಕಣ್ಣು ಮಿಟುಕಿಸುವಷ್ಟೇ ಅಂತರ. ಈ ಹುಡುಗ ತನ್ನ ನಾಡಿನಲ್ಲಿ ಗೆಲ್ಲಲಿ ಅಂತ ಫಾಂಜಿಯೊ ಬಿಟ್ಟುಕೊಟ್ಟರೋ, ನಿಜವಾಗಿ ಸೋತರೋ ಅನ್ನುವುದು ಮಾಸ್‌ಗೆ ಕೊನೆವರೆಗೂ ಖಚಿತವಾಗಲಿಲ್ಲ.

ಈಗ ಕೈಕಾಲಿನ ಚುರುಕಿನ ವಿಷಯ. ನಲವತ್ತು ದಾಟಿದ ಮೇಲೆ ರಿಫ್ಲೆಕ್ಸ್ ಹೋಗುತ್ತೆ ಅಂತ ಟೀ ಅಂಗಡಿಯಲ್ಲಿ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಕಣ್ಣಿಗೆ ಕಂಡದ್ದಕ್ಕೆ ಕೈ ಓಡಲು ಆರೋಗ್ಯವಂತ ಹುಡುಗನಿಗೆ ಸುಮಾರು 200 ಮಿಲಿಸೆಕೆಂಡ್ ಬೇಕು. ದೇಹ ಚೆನ್ನಾಗಿಟ್ಟುಕೊಂಡವನಿಗೆ ನಲವತ್ತರ ಹೊತ್ತಿಗೆ ಅದರ ಮೇಲೆ ಸೇರುವುದು ಹತ್ತಿಪ್ಪತ್ತು ಮಿಲಿಸೆಕೆಂಡ್. ಇಪ್ಪತ್ತೇ ಅಂತ ಇಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ಓಡುವ ಜಿಪ್ಸಿ ಅಷ್ಟರಲ್ಲಿ ಅರ್ಧ ಮೀಟರೂ ಹೋಗುವುದಿಲ್ಲ. ನಿಮ್ಮ ಟ್ರ್ಯಾಕಿನಲ್ಲಿ ಹತ್ತು ತಿರುವು ಇವೆ, ಹತ್ತರಲ್ಲೂ ನೀವು ಅಷ್ಟೇ ತಡ ಮಾಡಿದಿರಿ ಅಂತ ಹಿಡಿದರೂ ಒಟ್ಟು 0.2 ಸೆಕೆಂಡ್. ನಿಮ್ಮ ಅಳಿಯ ನಿಮಗಿಂತ ಮುಂದಿರುವುದು ಒಂದೂವರೆ ಸೆಕೆಂಡ್. ಉಳಿದ 1.3 ಎಲ್ಲಿ ಹೋಯಿತು?

ಬ್ರೇಕಿನಲ್ಲಿ ಹೋಯಿತು. ನನ್ನ ಅನುಭವದಲ್ಲಿ ಇದು ಬಹುತೇಕ ಯಾವಾಗಲೂ ಹೀಗೇ. ದೊಡ್ಡವರು ತಿರುವಿಗೆ ಮೊದಲು ಒಂದು ಮಾರು ಮುಂಚೆ ಬ್ರೇಕ್ ಮುಟ್ಟುತ್ತಾರೆ, ತಿರುವು ಮುಗಿದ ಮೇಲೆ ಒಂದು ಮಾರು ತಡವಾಗಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಅದಕ್ಕೂ ನರಕ್ಕೂ ಸಂಬಂಧವಿಲ್ಲ. ತಲೆಯಲ್ಲಿ ಗಿರಣಿ ಇರುತ್ತದೆ, ಬ್ಯಾಂಕಿನ ಕಂತು ಇರುತ್ತದೆ, ಸೋಮವಾರ ಬೆಳಿಗ್ಗೆ ಭತ್ತದ ಲಾರಿ ಬರುತ್ತದೆ ಅನ್ನುವುದು ಇರುತ್ತದೆ. ಇಪ್ಪತ್ತೆರಡರ ಹುಡುಗನಿಗೆ ಸೋಮವಾರವೇ ಇರುವುದಿಲ್ಲ. ಇನ್ನು ರೇಸಿನಲ್ಲಿ ಒಳ್ಳೆಯ ಚಾಲಕ ಕಂಡದ್ದಕ್ಕೆ ಪ್ರತಿಕ್ರಿಯೆ ಕೊಡುವುದೇ ಕಡಿಮೆ. ಮುಂದೇನಾಗುತ್ತದೆ ಅಂತ ಮೊದಲೇ ಅಂದಾಜು ಮಾಡಿ ಕೈ ಓಡಿಸಿರುತ್ತಾನೆ. ಜಾರಿದ ಮೇಲೆ ಸ್ಟೇರಿಂಗ್ ತಿರುಗಿಸುವವನು ಆಗಲೇ ತಡವಾಗಿರುತ್ತಾನೆ, ವಯಸ್ಸು ಎಷ್ಟೇ ಇರಲಿ.

ಇದನ್ನು ನಾನು ಕಲಿತದ್ದು ಸಂಡೂರಿನ ಕಡೆ. ಆಗ ನಾನು ನ್ಯಾವಿಗೇಟರ್, ಎಡಗಡೆ ಸೀಟಿನಲ್ಲಿ ಪೇಸ್ ನೋಟ್ಸ್, ಅಂದರೆ ಮುಂದೆ ಬರುವ ತಿರುವುಗಳನ್ನು ಬರೆದಿಟ್ಟ ಪುಸ್ತಕ, ಹಿಡಿದು ಚಾಲಕನಿಗೆ ಓದಿ ಹೇಳುವವನು. ನಮ್ಮ ಚಾಲಕರಿಗೆ 49, ಎಷ್ಟೋ ವರ್ಷ ಅದಿರು ಲಾರಿ ಓಡಿಸಿದವರು. ಹೆಸರು ಬೇಡ, ಅವರಿಗೆ ಇಷ್ಟವಾಗುವುದಿಲ್ಲ. ಅದೇ ಗ್ಯಾರೇಜಿನಿಂದ ಅದೇ ಮಾದರಿಯ ಇನ್ನೊಂದು ಗಾಡಿ, ಅದರಲ್ಲಿ 23ರ ಹುಡುಗ. ಒಂದು ಗಣಿಯ ಹಳೇ ದಾರಿಯನ್ನು ಅನುಮತಿ ಪಡೆದು ಬಂದ್ ಮಾಡಿಸಿ ಅಭ್ಯಾಸಕ್ಕೆ ಇಳಿದಿದ್ದೆವು. ನನ್ನ ನೋಟ್ಸಿನಲ್ಲಿ ಒಂದು ಬಲ ತಿರುವು ಬರೆದಿತ್ತು, ಧೈರ್ಯವಾಗಿ ಹೋಗಬಹುದಾದ ತಿರುವು. ನಾನು ಕೂಗಿ ಹೇಳಿದೆ. ಆದರೂ ಅವರು ತಿರುವಿಗೆ ಇನ್ನೂ ದೂರವಿರುವಾಗಲೇ ಕಾಲು ಎತ್ತಿದರು. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಗಾಡಿಯ ಮೂಗು ಒಳಕ್ಕೆ ತಿರುಗಿತು, ಹಿಂದಿನ ಚಕ್ರ ಒಂಚೂರು ಜಾರಿ ನೆಟ್ಟಗಾಯಿತು, ಮತ್ತೆ ಪೂರ್ತಿ ಆಕ್ಸಿಲರೇಟರ್. ಕೊನೆಗೆ ಗಾಡಿ ನಿಲ್ಲಿಸಿ ನೀರು ಕುಡಿಯುವಾಗ ಯಾಕೆ ಎತ್ತಿದಿರಿ ಅಂತ ಕೇಳಿದೆ. "ಮಣ್ಣಿನ ಬಣ್ಣ ನೋಡಲಿಲ್ಲೇನು? ಕೆಂಪು ಮುಗ್ದು ಕಪ್ಪು ಪುಡಿ ಶುರುವಾಗಿತ್ತು. ಅದು ಅದಿರಿನ ಪುಡಿ, ಗೋಲಿ ಮೇಲೆ ನಡದಂಗ ಆಗತೈತಿ" ಅಂದರು.

ಆ ದಿನ ಮೊದಲ ಸುತ್ತಿನಲ್ಲಿ ಹುಡುಗ ನಮಗಿಂತ ಹತ್ತು ಸೆಕೆಂಡಿಗೂ ಹೆಚ್ಚು ಹಿಂದಿದ್ದ. ಅದೇ ತಿರುವಿನಲ್ಲಿ ಅಡ್ಡ ಆಗಿದ್ದನಂತೆ. ಎರಡನೇ ಸುತ್ತಿನಲ್ಲಿ ಸಮಸಮ. ಮೂರನೆಯದರಲ್ಲಿ ಅವನೇ ಮುಂದೆ, ನಾಲ್ಕು ಸೆಕೆಂಡ್. ದಾರಿ ಗೊತ್ತಾದ ಮೇಲೆ ಅವನಿಗೆ ಬಣ್ಣ ಓದುವ ಅಗತ್ಯವೇ ಬೀಳಲಿಲ್ಲ, ಎಲ್ಲಿ ಜಾರುತ್ತದೆ ಅಂತ ಮೈಗೇ ಗೊತ್ತಾಗಿತ್ತು. ನಮ್ಮವರು ಮೂರೂ ಸಲ ಹೆಚ್ಚು ಕಡಿಮೆ ಒಂದೇ ಸಮಯ ತೆಗೆದಿದ್ದರು. ಆ ಹಾಳೆಯನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ, ಯಾಕೆಂದರೆ ನೀವು ಕೇಳಿದ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರವೆಲ್ಲ ಅದರಲ್ಲೇ ಇದೆ. ಗೊತ್ತಿಲ್ಲದ ದಾರಿಯಲ್ಲಿ ದೊಡ್ಡವರು, ಪಾಠವಾದ ದಾರಿಯಲ್ಲಿ ಹುಡುಗರು.

ದೊಡ್ಡ ಮಟ್ಟದಲ್ಲೂ ಇದೇ ಕಾಣುತ್ತದೆ. ಫಾರ್ಮುಲಾ ಒನ್ ಸರ್ಕ್ಯೂಟಿಗಿಂತ, ಊರ ದಾರಿಗಳಲ್ಲಿ ಒಂದೊಂದೇ ಗಾಡಿ ಬಿಡುವ ರ‍್ಯಾಲಿಯಲ್ಲಿ, ರ‍್ಯಾಲಿಗಿಂತ ಮರುಭೂಮಿಯ ಡಕಾರ್‌ನಲ್ಲಿ ವಯಸ್ಸಾದವರು ಹೆಚ್ಚು ಗೆಲ್ಲುತ್ತಾರೆ. ಫಾರ್ಮುಲಾ ಒನ್‌ನಲ್ಲಿ 2025ರವರೆಗೆ ನಲವತ್ತು ದಾಟಿ ರೇಸು ಗೆದ್ದ ಕೊನೆಯವರು ನೈಜೆಲ್ ಮ್ಯಾನ್ಸೆಲ್, 1994ರಲ್ಲಿ ಆಸ್ಟ್ರೇಲಿಯಾದಲ್ಲಿ, 41ಕ್ಕೆ. ಅದೇ ವಿಶ್ವ ರ‍್ಯಾಲಿಗೆ ಬನ್ನಿ: 2022ರ ಜನವರಿಯಲ್ಲಿ ಮಾಂಟೆ ಕಾರ್ಲೊ ಗೆದ್ದ ಸೆಬಾಸ್ಟಿಯನ್ ಲೋಬ್‌ಗೆ 47. ಮಂಜು, ಒಣ ರಸ್ತೆ, ಮತ್ತೆ ಮಂಜು ಅಂತ ಒಂದೇ ದಿನದಲ್ಲಿ ಹತ್ತು ಬಣ್ಣ ಬದಲಿಸುವ ದಾರಿ ಅದು. ಅದೇ ತಂಡದ ಅದೇ ಫೋರ್ಡ್ ಪೂಮಾ ಓಡಿಸಿದ 31ರ ಕ್ರೇಗ್ ಬ್ರೀನ್ ಮೂರನೆಯವರು. ಲೋಬ್ ಪಕ್ಕದಲ್ಲಿ ನೋಟ್ಸ್ ಓದಿದವರು ಇಸಬೆಲ್ ಗಾಲ್ಮಿಶ್, 50 ವರ್ಷ, ವೃತ್ತಿಯಲ್ಲಿ ಗಣಿತದ ಮೇಡಂ. ಚಾಲಕರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ನಮ್ಮಂಥ ಎಡಗಡೆ ಸೀಟಿನವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಕಾರ್ಲೋಸ್ ಸೈನ್ಸ್ ಅಂತೂ 2024ರಲ್ಲಿ ಡಕಾರ್ ಗೆದ್ದಾಗ 61. ಎರಡು ವಾರದ ಆ ಓಟದಲ್ಲಿ ಅವರು ಒಂದೇ ಒಂದು ದಿನದ ಹಂತವನ್ನೂ ಮೊದಲನೆಯವರಾಗಿ ಮುಗಿಸಲಿಲ್ಲ. ಒಂದು ದಿನವೂ ಎಲ್ಲರಿಗಿಂತ ಜೋರಾಗಿ ಓಡಿಸದೆ ಇಡೀ ರೇಸು ಗೆದ್ದರು. ಅದೇ ತಂಡದ, ಅವರಿಗಿಂತ ಕಿರಿಯರಾದ ಎಕ್‌ಸ್ಟ್ರೋಮ್, ಪೀಟರ್‌ಹ್ಯಾನ್ಸೆಲ್ ಇಬ್ಬರ ಗಾಡಿಗಳೂ ದಾರಿಯಲ್ಲಿ ತೊಂದರೆಗೆ ಸಿಕ್ಕಿದವು. ಎರಡು ತಿಂಗಳ ನಂತರ ಅವರ ಮಗ, ಅದೇ ಹೆಸರಿನವನು, ಅಪೆಂಡಿಕ್ಸ್ ಆಪರೇಷನ್ ಆಗಿ ಹದಿನೈದು ದಿನಕ್ಕೆ ಆಸ್ಟ್ರೇಲಿಯಾ ಗ್ರಾಂ ಪ್ರಿ ಗೆದ್ದ. ಆ ಮನೆಯ ಊಟ ಏನೋ!

ನನ್ನ ಮಾತಿಗೆ ನಾನೇ ಒಂದು ತಗಾದೆ ತೆಗೆಯಬೇಕು. ಸೆಬಾಸ್ಟಿಯನ್ ಒಗಿಯೆ 2025ರಲ್ಲಿ 41ನೇ ವಯಸ್ಸಿಗೆ ಒಂಬತ್ತನೇ ಬಾರಿ ವಿಶ್ವ ರ‍್ಯಾಲಿ ಚಾಂಪಿಯನ್ ಆದರು. 14 ರ‍್ಯಾಲಿಗಳಲ್ಲಿ 11ಕ್ಕೆ ಮಾತ್ರ ಹೋಗಿ ಅದೇ ಟೊಯೊಟಾ ತಂಡದ ಎಲ್ಫಿನ್ ಎವಾನ್ಸ್ ಅವರನ್ನು 4 ಅಂಕದಿಂದ ಹಿಂದಿಕ್ಕಿದರು. ಎರಡು ಬಾರಿ ಚಾಂಪಿಯನ್ ಆಗಿದ್ದ, 25ರ ಕಾಲೆ ರೊವನ್‌ಪೆರಾ ಕೂಡ ಅದೇ ತಂಡ. ಕೇಳಲು ಚೆಂದ. ಆದರೆ ರ‍್ಯಾಲಿಯಲ್ಲಿ ಮೊದಲ ದಿನ ಅಂಕಪಟ್ಟಿಯ ಕ್ರಮದಲ್ಲೇ ಗಾಡಿ ಬಿಡುತ್ತಾರೆ. ಮೊದಲು ಹೋದವನ ಪಾಡು ನಮಗೆ ಗೊತ್ತಿದ್ದದ್ದೇ, ಸಡಿಲ ಜಲ್ಲಿಯನ್ನು ಕಸಬರಿಗೆಯಂತೆ ಗುಡಿಸಿಕೊಂಡು ಹೋಗಬೇಕು, ಹಿಂದೆ ಬರುವವನಿಗೆ ಗಟ್ಟಿ ನೆಲ ಸಿಗುತ್ತದೆ. ಕೆಲವು ರ‍್ಯಾಲಿ ತಪ್ಪಿಸಿದ ಒಗಿಯೆ ಪಟ್ಟಿಯಲ್ಲಿ ಕೆಳಗಿರುತ್ತಿದ್ದರು, ಹಲವು ಕಡೆ ಎವಾನ್ಸ್ ಗುಡಿಸಿದ ದಾರಿಯಲ್ಲಿ ಓಡಿದರು. ಜಾಣತನ ಅನ್ನಿ, ಅದೃಷ್ಟ ಅನ್ನಿ, ಕಾಲಿನ ಬಲವೊಂದೇ ಅಲ್ಲ. ಒಂದೇ ತಂಡ ಅಂದ ಮಾತ್ರಕ್ಕೆ ಇಬ್ಬರಿಗೂ ಒಂದೇ ನೆಲ ಸಿಕ್ಕಿತು ಅಂತ ಅಲ್ಲ.

ಹಾಗಾದರೆ ಏಳು ಬಾರಿಯ ಫಾರ್ಮುಲಾ ಒನ್ ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್ ಯಾಕೆ ಫೆರಾರಿಯಲ್ಲಿ ಮಂಕಾದರು ಅಂತ ಕೇಳಬಹುದು. ಅವರ ಲೆಕ್ಕ ಬಹಳ ಸ್ವಾರಸ್ಯವಾಗಿದೆ. ಮರ್ಸಿಡಿಸ್‌ನಲ್ಲಿ 13 ವರ್ಷ ಕಿರಿಯ ಜಾರ್ಜ್ ರಸೆಲ್ ಎದುರು 2022ರಲ್ಲಿ 240ಕ್ಕೆ 275, ಸೋಲು. 2023ರಲ್ಲಿ 234ಕ್ಕೆ 175, ಗೆಲುವು. 2024ರಲ್ಲಿ 223ಕ್ಕೆ 245, ಮತ್ತೆ ಸೋಲು. ಕೊನೆಯ ವರ್ಷ ಶನಿವಾರಗಳಲ್ಲಿ ರಸೆಲ್ ಬಹಳ ಮುಂದಿದ್ದರೂ 39ರ ಹ್ಯಾಮಿಲ್ಟನ್ ಬ್ರಿಟನ್ನಿನಲ್ಲಿ, ಬೆಲ್ಜಿಯಂನಲ್ಲಿ ಗೆದ್ದರು. ಬೆಲ್ಜಿಯಂನದು ರಸೆಲ್ ಕಾರು ತೂಕ ಕಡಿಮೆ ಬಂದು ಅನರ್ಹವಾದದ್ದಕ್ಕೆ ಸಿಕ್ಕಿದ್ದು, ಅದು ಬೇರೆ. ಮೂರು ವರ್ಷ ತಕ್ಕಡಿ ಹೀಗೆ ಆ ಕಡೆ ಈ ಕಡೆ ತೂಗಿದ ಮೇಲೆ 2025ರಲ್ಲಿ ಫೆರಾರಿಗೆ ಹೋದರು. ಅಲ್ಲಿ ಚಾರ್ಲ್ಸ್ ಲಕ್ಲೇರ್ 242, ಇವರು 156. ಚೀನಾದಲ್ಲಿ ಶನಿವಾರದ ಚಿಕ್ಕ ಸ್ಪ್ರಿಂಟ್ ರೇಸು ಗೆದ್ದದ್ದು ಬಿಟ್ಟರೆ ವರ್ಷವಿಡೀ ಒಂದು ಗ್ರಾಂ ಪ್ರಿಯಲ್ಲೂ ಮೊದಲ ಮೂರರೊಳಗೆ ಬರಲಿಲ್ಲ.

ಒಂದು ಚಳಿಗಾಲದಲ್ಲಿ ಯಾರೂ ಇಷ್ಟು ಮುದುಕರಾಗುವುದಿಲ್ಲ. ಬದಲಾದದ್ದು ಗಾಡಿ. ಹ್ಯಾಮಿಲ್ಟನ್ 2007ರಲ್ಲಿ ಶುರು ಮಾಡಿದಾಗಿನಿಂದ ಓಡಿಸಿದ್ದೆಲ್ಲ ಮರ್ಸಿಡಿಸ್ ಎಂಜಿನ್ನಿನ ಕಾರು, ಅದರಲ್ಲೂ 2013ರಿಂದ 12 ವರ್ಷ ಒಂದೇ ತಂಡ. ಫೆರಾರಿಯಲ್ಲಿ ಬ್ರೇಕಿನ ಡಿಸ್ಕು ಬೇರೆ ಕಂಪನಿಯದು, ತಿರುವಿಗೆ ನಿಧಾನಿಸಲು ಎಂಜಿನ್ ಬ್ರೇಕಿಂಗ್ ಹೆಚ್ಚು ಬಳಸಬೇಕು, ಅದು ತಮಗೆ ಹೊಸದು ಅಂತ ಅವರೇ ಹೇಳಿಕೊಂಡರು. ಹದಿನೆಂಟು ವರ್ಷ ಕಾಲಿಗೆ ಅಂಟಿದ ಅಭ್ಯಾಸ ಬಿಡಿಸುವುದು ಎಷ್ಟು ಕಷ್ಟ ಅಂತ ತಿಳಿಯಬೇಕಾದರೆ, ಮೊದಲ ಗೇರ್ ಮೇಲಕ್ಕಿರುವ ಬೈಕ್ ಓಡಿಸಿದವರಿಗೆ ಕೆಳಕ್ಕಿರುವುದನ್ನು ಕೊಟ್ಟು ರಾಯಲ್ ಸರ್ಕಲ್‌ನ ಟ್ರಾಫಿಕ್‌ಗೆ ಬಿಡಿ. ದಾರಿ ಹೊಸದಾದರೆ ಅನುಭವ ಕೈ ಹಿಡಿಯುತ್ತದೆ, ಗಾಡಿ ಹೊಸದಾದರೆ ಅದೇ ಅನುಭವ ಕಾಲು ಹಿಡಿದು ಎಳೆಯುತ್ತದೆ. ಮೊದಲೆಲ್ಲ ವಾರಗಟ್ಟಲೆ ಟೆಸ್ಟಿಂಗ್ ಮಾಡಿ ಕಾಲನ್ನು ಪಳಗಿಸಿಕೊಳ್ಳಬಹುದಿತ್ತು. 2009ರಿಂದ ಸೀಸನ್ ನಡುವಿನ ಟೆಸ್ಟಿಂಗ್‌ಗೆ ಬಿಗಿಯಾದ ಕಡಿವಾಣ ಬಿತ್ತು. ಈಗಿನ ಹುಡುಗರು ಸಿಮ್ಯುಲೇಟರ್‌ನಲ್ಲೇ ಬೆಳೆದವರು, ಅವರಿಗೆ ಆ ಕೊರತೆ ಅಷ್ಟು ತಟ್ಟುವುದಿಲ್ಲ.

ಮೈಕೆಲ್ ಶೂಮಾಕರ್ ಮರಳಿ ಬಂದಾಗ ಆದದ್ದೂ ಇದೇ ಅಂತ ನನ್ನ ಅಭಿಪ್ರಾಯ. ಮೂರು ವರ್ಷ ಬಿಟ್ಟು, ಟೆಸ್ಟಿಂಗ್ ಇಲ್ಲದ ಕಾಲಕ್ಕೆ, ಬೇರೆ ಥರದ ಟೈರಿಗೆ ಬಂದರು. 2010ರಲ್ಲಿ ನಿಕೊ ರೋಸ್‌ಬರ್ಗ್ 142, ಇವರು 72. ಮರುವರ್ಷ 89ಕ್ಕೆ 76, ಅಂತರ ಎಷ್ಟು ಕರಗಿತು ನೋಡಿ. 2012ರಲ್ಲಿ ಮೊನಾಕೊದಂಥ ಇಕ್ಕಟ್ಟಿನ ಟ್ರ್ಯಾಕಿನಲ್ಲಿ 43ನೇ ವಯಸ್ಸಿಗೆ ಕ್ವಾಲಿಫೈಯಿಂಗ್‌ನಲ್ಲಿ ಎಲ್ಲರಿಗಿಂತ ಬೇಗ ಸುತ್ತು ಹೊಡೆದರು. ಹಿಂದಿನ ರೇಸಿನ ದಂಡಕ್ಕೆ ಐದು ಸ್ಥಾನ ಹಿಂದೆ ನಿಲ್ಲಬೇಕಾಯಿತು, ಆ ಪೋಲ್ (ಎಲ್ಲರಿಗಿಂತ ಮುಂದಿನಿಂದ ಹೊರಡುವ ಜಾಗ) ದಾಖಲೆಗೂ ಹೋಗಲಿಲ್ಲ.

ಅಲೋನ್ಸೊಗೆ ಯಾಕೆ ಹಾಗಾಗಲಿಲ್ಲ? ಅವರು ಒಂದೇ ಮನೆಯಲ್ಲಿ ಕೂತವರೇ ಅಲ್ಲ. ರೆನೋ, ಮೆಕ್‌ಲಾರೆನ್, ಫೆರಾರಿ, ಮತ್ತೆ ಮೆಕ್‌ಲಾರೆನ್. ನಡುವೆ ಟೊಯೊಟಾದಲ್ಲಿ 24 ಗಂಟೆ ಓಡುವ ಲೆ ಮಾನ್ ರೇಸನ್ನು 2018, 2019 ಎರಡೂ ವರ್ಷ ಗೆದ್ದರು. ಅಮೆರಿಕದ ರೇಸಿಗಾಗಿ ಇಂಡಿಯಾನಾಪೊಲಿಸ್‌ಗೆ ಹೋಗಿ ಬಂದರು. 2020ರಲ್ಲಿ ಡಕಾರ್‌ಗೂ ಹೋಗಿ 13ನೆಯವರಾಗಿ ಮುಗಿಸಿದರು. ಯಾವ ಗಾಡಿ ಕೊಟ್ಟರೂ ಅದರ ಭಾಷೆ ಕಲಿಯುವುದೇ ಅವರ ಅಭ್ಯಾಸವಾಗಿಬಿಟ್ಟಿದೆ. ಶನಿವಾರವೂ ಅವರು ಸ್ಟ್ರೋಲ್‌ಗಿಂತ ಮುಂದಿರುವುದು ನನ್ನ ಶನಿವಾರ-ಭಾನುವಾರದ ಮಾತಿಗೆ ಅಪವಾದ. ಒಪ್ಪಿಕೊಳ್ಳುತ್ತೇನೆ. ಇನ್ನೊಂದು, ನಲವತ್ತರ ನಂತರವೂ ಟ್ರ್ಯಾಕಿನಲ್ಲಿ ಉಳಿದವರನ್ನು ಮಾತ್ರ ನಾವು ನೋಡುತ್ತಿದ್ದೇವೆ. ನಿಧಾನವಾದವರನ್ನು 33ಕ್ಕೇ ಮನೆಗೆ ಕಳಿಸಿ ಆಗಿರುತ್ತದೆ, ಅವರು ಈ ಲೆಕ್ಕಕ್ಕೇ ಸಿಗುವುದಿಲ್ಲ.

ಜ್ಯಾಕ್ ಬ್ರಾಬಮ್ ಅವರ ಕಥೆ ಹೇಳದೆ ಮುಂದಕ್ಕೆ ಹೋಗಲಾರೆ. 1966ರಲ್ಲಿ ಅವರಿಗೆ 40 ಆಗಿತ್ತು, ಪತ್ರಿಕೆಗಳು ಮುದುಕ ಮುದುಕ ಅಂತ ಬರೆಯುತ್ತಿದ್ದವು. ಹಾಲೆಂಡಿನ ರೇಸಿಗೆ ಅವರು ಸುಳ್ಳು ಗಡ್ಡ ಕಟ್ಟಿಕೊಂಡು, ಕೋಲೂರಿಕೊಂಡು ಕುಂಟುತ್ತ ಕಾರಿನ ಹತ್ತಿರ ಬಂದರು. ಗಡ್ಡ ಬಿಚ್ಚಿಟ್ಟು ರೇಸು ಗೆದ್ದರು. ಆ ವರ್ಷದ ಚಾಂಪಿಯನ್ನೂ ಅವರೇ, ಕಾರೂ ಅವರ ಸ್ವಂತ ಹೆಸರಿನದೇ.

ವಯಸ್ಸು ನಿಜವಾಗಿ ಕಸಿದುಕೊಳ್ಳುವುದು ಒಂದಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಕಣ್ಣು. ಕನ್ನಡದಲ್ಲಿ ಅದಕ್ಕೆ ವಯಸ್ಸಿನ ಹೆಸರೇ ಇದೆ, ಚಾಳೀಸು. ಹತ್ತಿರದ್ದು ಮಸುಕಾಗುತ್ತದೆ, ಕತ್ತಲಿಗೆ ಹೊಂದಿಕೊಳ್ಳುವುದು ತಡವಾಗುತ್ತದೆ, ಎದುರಿನ ಲೈಟು ಚುಚ್ಚುತ್ತದೆ. ನನ್ನ ನ್ಯಾವಿಗೇಟರ್ ಕೆಲಸ ಮುಗಿದದ್ದು ಹಾಗೇ. 46 ವರ್ಷ, ರಾತ್ರಿಯ ಹಂತ, ಗಾಡಿ ಕುಣಿಯುತ್ತಿದೆ, ತಲೆ ಮೇಲಿನ ಚಿಕ್ಕ ದೀಪದಲ್ಲಿ ನೋಟ್ಸ್ ಓದುತ್ತಿದ್ದೇನೆ. ನಮ್ಮ ನೋಟ್ಸಿನಲ್ಲಿ ಅಂಕಿ ಚಿಕ್ಕದಾದಷ್ಟೂ ತಿರುವು ಬಿಗಿ. ನನ್ನದೇ ಕೈಬರಹದ 3 ನನಗೆ 5 ಆಗಿ ಕಂಡಿತು. "ರೈಟ್ ಫೈವ್" ಅಂದೆ. ಚಾಲಕರು ನನ್ನ ಮಾತು ನಂಬಿ ಹೊಡೆದರು. ಗಾಡಿ ಬದಿಯ ಹಳ್ಳಕ್ಕಿಳಿದು ಜಾಲಿ ಗಿಡದಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮುಳ್ಳು ಬಿಡಿಸಿಕೊಂಡು ಹೊರಗೆ ಬಂದ ಮೇಲೆ ಅವರು ಬೈಯಲೂ ಇಲ್ಲ, ನೋಟ್ಸ್ ಪುಸ್ತಕ ಇಸಿದುಕೊಂಡು ತಮ್ಮ ಟಾರ್ಚ್ ಹಿಡಿದು ನೋಡಿ, "ಮೂರು ಐತಲ್ಲೋ" ಅಂದರು, ಅಷ್ಟೇ. ಮರುವಾರ ಕನ್ನಡಕ ಮಾಡಿಸಿದೆ, ಅದರ ಮರುವರ್ಷ ಎಡಗಡೆ ಸೀಟು ಬಿಟ್ಟು ಟೈಮಿಂಗ್ ಟೇಬಲ್‌ಗೆ ಬಂದೆ.

ಬಿಸಿಲಿನ ಮಾತೂ ಒಂದು. ಸಿಂಗಾಪುರದ ರೇಸಿನಲ್ಲಿ ಚಾಲಕರ ಮೈಯಿಂದ ಎರಡು ಮೂರು ಕಿಲೋ ನೀರು ಹೋಗುತ್ತದೆ. ಬಳ್ಳಾರಿ, ರಾಯಚೂರಿನ ಏಪ್ರಿಲ್ ಅದಕ್ಕಿಂತ ಕರುಣಾಮಯಿ ಏನಲ್ಲ. ಹುಡುಗ ಎರಡು ಓಟದ ನಡುವೆ ನೆರಳಲ್ಲಿ ಹತ್ತು ನಿಮಿಷ ಕೂತರೆ ಸುಧಾರಿಸಿಕೊಳ್ಳುತ್ತಾನೆ, ನಿಮಗೆ ಅರ್ಧ ಗಂಟೆ ಬೇಕು. ಮಿರ್ಚಿ ಮಂಡಕ್ಕಿ ರೇಸು ಮುಗಿದ ಮೇಲೆ ತಿನ್ನಿ.

ಈಗ ಜಿಪ್ಸಿ. ಒಂದೂವರೆ ಸೆಕೆಂಡ್ ಅಂತ ಬರೆದಿದ್ದೀರಿ, ಅದು ಎಷ್ಟನೇ ಸುತ್ತಿನ ಅಂತರ ಅಂತ ಬರೆದಿಲ್ಲ. ನಿಮ್ಮ ಟೈಮ್ ಹಾಳೆ ತೆಗೆದು ಇಬ್ಬರ ಮೊದಲ ಸುತ್ತು ಮಾತ್ರ ಪಕ್ಕಪಕ್ಕ ಇಟ್ಟು ನೋಡಿ. ಯಾರು ಮೊದಲು ಓಡಿಸಿದರು ಅನ್ನುವುದನ್ನೂ ನೋಡಿ. ಒಂದೇ ಗಾಡಿ ಅಂದಮೇಲೆ ನೀವು ದೊಡ್ಡವರು ಅಂತ ಮೊದಲು ಇಳಿದಿರುತ್ತೀರಿ, ಸಡಿಲ ಮಣ್ಣು ಗುಡಿಸಿ ಅಳಿಯನಿಗೆ ಗಟ್ಟಿ ದಾರಿ ಮಾಡಿಕೊಟ್ಟಿರುತ್ತೀರಿ, ಟೈರೂ ಬಿಸಿ ಮಾಡಿ ಕೊಟ್ಟಿರುತ್ತೀರಿ. ಆ ಒಂದೂವರೆಯಲ್ಲಿ ಅರ್ಧ ಅಲ್ಲೇ ಸಿಕ್ಕರೆ ನನಗೆ ಆಶ್ಚರ್ಯವಿಲ್ಲ. ಒಂದು ಭಾನುವಾರ ಗದ್ದೆ ಕೊಯ್ದ ಮೇಲೆ ಯಾವುದಾದರೂ ಬಯಲಿನಲ್ಲಿ, ಇಬ್ಬರೂ ಹಿಂದೆ ಓಡಿಸದ ದಾರಿ ಗುರುತು ಹಾಕಿಕೊಂಡು ತಲಾ ಐದು ಸುತ್ತು ಹೊಡೆಯಿರಿ. ಆಮೇಲೆ ಬೇರೊಂದು ದಾರಿ ಗುರುತು ಹಾಕಿ ಸರದಿ ಬದಲಿಸಿ. ಸುತ್ತಿನ ಸಮಯ ಒಂದೊಂದಾಗಿ ಬರೆದುಕೊಳ್ಳಿ. ಸರಾಸರಿ ತೆಗೆಯಬೇಡಿ, ಸರಾಸರಿಯಲ್ಲಿ ಎಲ್ಲ ಮುಚ್ಚಿಹೋಗುತ್ತದೆ.

ಎರಡು ದಾರಿಯಲ್ಲೂ ಮೊದಲ ಸುತ್ತು, ಎರಡನೇ ಸುತ್ತು ನಿಮ್ಮದು, ನಾಲ್ಕು ಐದು ಅವನದು ಅಂತಾದರೆ ಜಗಳವೇ ಇಲ್ಲ. ಚಿಕ್ಕ ಟ್ರ್ಯಾಕಿನಲ್ಲಿ ಅದೇ ಸುತ್ತನ್ನು ಮತ್ತೆ ಮತ್ತೆ ಹೊಡೆಯುವ ಸ್ಪರ್ಧೆಗೆ ಅವನು, ಹೊಸ ಊರಿನ ಹೊಸ ದಾರಿಯ ರ‍್ಯಾಲಿಗೆ ನೀವು. ಮೊದಲ ಸುತ್ತಿನಿಂದಲೇ ಅವನು ಮುಂದಿದ್ದರೆ ಸೀಟು ಕೊಟ್ಟುಬಿಡಿ, ಎಡಗಡೆ ಕೂರಿ. ಅವನು ಎಲ್ಲಿ ಬ್ರೇಕ್ ಬಿಡುತ್ತಾನೆ, ನೀವು ಎಲ್ಲಿ ತುಳಿಯುತ್ತಿದ್ದಿರಿ ಅನ್ನುವುದು ಆ ಸೀಟಿನಿಂದಲೇ ಕಾಣುವುದು. ಹಾಗೆ ಕಂಡು ಒಂದು ಮಾರು ತಡವಾಗಿ ಬ್ರೇಕ್ ಹಾಕುವುದನ್ನು ಕಲಿತು ಮತ್ತೆ ಬಲಗಡೆಗೆ ಬಂದವರನ್ನೂ ನೋಡಿದ್ದೇನೆ.

ಇದೆಲ್ಲಕ್ಕೂ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ, ರಾತ್ರಿ ಗಾಡಿ ಓಡಿಸುತ್ತೇನೆ ಅಂತ ಹೇಳಿ ಪರೀಕ್ಷೆ ಮಾಡಿಸಿ. ಕನ್ನಡಕ ಬರೆದುಕೊಟ್ಟರೆ ಅಂಗಡಿಗೆ ಹೆಲ್ಮೆಟ್ ತೆಗೆದುಕೊಂಡೇ ಹೋಗಿ. ಕಡ್ಡಿ ದಪ್ಪ ಇದ್ದರೆ ಹೆಲ್ಮೆಟ್ ಒಳಗೆ ಕಿವಿ ಮೇಲೆ ಒತ್ತಿ ಹತ್ತು ನಿಮಿಷಕ್ಕೆ ತಲೆನೋವು ಬರುತ್ತದೆ. ತೆಳು ಕಡ್ಡಿ, ಹಿಂದೆ ಬಗ್ಗದೆ ನೆಟ್ಟಗಿರುವುದು ನೋಡಿ ಆರಿಸಿಕೊಳ್ಳಿ.